ಹಾಲು ಉಕ್ಕಿಸುವ ಮುನ್ನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ನಮ್ಮ ಗಾದೆಯನ್ನೇ ಪುಣೆಯ ನೆರೆಹೊರೆಯವರೂ ತಮ್ಮ ಮಾತಿನಲ್ಲಿ ಆಡುತ್ತಾರೆ: "ಘರ ಪಹಾವಂ ಬಾಂಧೂನ, ಲಗ್ನ ಪಹಾವಂ ಕರೂನ." ಎರಡೂ ಕಡೆಯ ಹಿರಿಯರು ಒಂದೇ ಪೆಟ್ಟು ತಿಂದಿರಬೇಕು! ಆದರೆ ಈ ಊರಿಗೆ ಬಂದು ನೆಲೆಸಿದ ನಮ್ಮಲ್ಲಿ ಮನೆ ಕಟ್ಟಿ ನೋಡುವವರು ಎಷ್ಟು ಮಂದಿ? ವಾಕಡವೋ ಖರಾಡಿಯೋ ಉಂಡ್ರಿಯೋ, ಎಲ್ಲೋ ಒಂದು ಕಡೆ, ಯಾರೋ ಕಟ್ಟಿದ ಹದಿನಾಲ್ಕು ಅಂತಸ್ತುಗಳಲ್ಲಿ ಒಂಬತ್ತನೆಯದರ ಒಂದು ಮೂಲೆಯನ್ನು ಕೊಳ್ಳುತ್ತೇವೆ. ನಮ್ಮ ಮಟ್ಟಿಗೆ ಗಾದೆಯನ್ನು "ಕಟ್ಟಿದ ಮನೆ ನೋಡು" ಎಂದು ತಿದ್ದಿಕೊಳ್ಳುವುದೇ ಸರಿ. ನೋಡುವುದು ಹೇಗೆ ಎಂಬುದೇ ಈ ಸಂಚಿಕೆಯ ನಮ್ಮ ಮಾತು.

ಊರಿನಲ್ಲಿ ಮನೆ ಏಳುವಾಗ ಹಿರಿಯರೊಬ್ಬರು ಹಳೆಯ ಕುರ್ಚಿ ಹಾಕಿಕೊಂಡು ಎದುರಿಗೆ ಕೂತಿರುತ್ತಿದ್ದರು. ಮೇಸ್ತ್ರಿ ಸಿಮೆಂಟಿಗೆ ಮರಳು ಹೆಚ್ಚು ಬೆರೆಸಿದರೆ ಗದರುವರು. ಗೋಡೆಗೆ ಎರಡು ಹೊತ್ತೂ ನೀರು ಹೊಡೆಸುವರು. ಅವರಿಗೆ ಸಂಬಳವಿಲ್ಲ, ಹೊತ್ತಿಗೊಂದು ಲೋಟ ಚಹಾ ಆದರೆ ಸಾಕು. ಫ್ಲಾಟಿನ ಕಾಲದಲ್ಲಿ ಆ ಕುರ್ಚಿ ಖಾಲಿಯಾಯಿತು. ಅದನ್ನು ತುಂಬಲು ಬಂದಿರುವವರೇ ಮನೆ ತಪಾಸಣೆಯವರು. ಅಮೆರಿಕದಲ್ಲಿ ಇವರ ಸಂಘವೇ 1976ರಲ್ಲಿ ಹುಟ್ಟಿತು. ಅಲ್ಲಿರುವ ಮಕ್ಕಳನ್ನು ಕೇಳಿ ನೋಡಿ, ತಪಾಸಣೆಯಿಲ್ಲದೆ ಮನೆ ಕೊಳ್ಳುವವರು ಅಲ್ಲಿ ಕಡಿಮೆ ಎನ್ನುವರು. ನಮ್ಮಲ್ಲಿ ಇದು ಇನ್ನೂ ಎಳೆಯ ಕಸಬು.

"ಬ್ಯಾಂಕಿನವರು ನೋಡಿ ಸಾಲ ಕೊಟ್ಟಿದ್ದಾರಲ್ಲ, ನಗರಪಾಲಿಕೆಯವರು ಒಪ್ಪಿಗೆ ಕೊಟ್ಟಿದ್ದಾರಲ್ಲ, ಮತ್ತೆ ಇವರೇಕೆ?" ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಬ್ಯಾಂಕಿನವರು ನೋಡುವುದು ತಮ್ಮ ಹಣಕ್ಕೆ ಆಧಾರ ಸಾಕೇ ಎಂದು. ಪಾಲಿಕೆಯವರು ವಾಸಕ್ಕೆ ಅನುಮತಿ ಕೊಡುವಾಗ, ಅಂದರೆ ಇಲ್ಲಿಯವರ 'ಭೋಗವಟಾ' ಪತ್ರ ಕೊಡುವಾಗ, ನೋಡುವುದು ಕಟ್ಟಡ ನಕ್ಷೆಗೂ ನಿಯಮಕ್ಕೂ ಹೊಂದುತ್ತದೆಯೇ ಎಂದು. ನಿಮ್ಮ ಬಚ್ಚಲಿನ ನೀರು ಕೆಳಗಿನವರ ತಲೆಯ ಮೇಲೆ ತೊಟ್ಟಿಕ್ಕುತ್ತದೆಯೇ ಎಂದು ನೋಡುವುದು ಇವರಿಬ್ಬರ ಕೆಲಸವೂ ಅಲ್ಲ.

ಈ ಕೆಲಸ ಮಾಡುವ ಕನ್ನಡಿಗ ಇಂಜಿನಿಯರರೊಬ್ಬರ ಜೊತೆಯಲ್ಲಿ ಒಂದು ಶನಿವಾರ ನಾವೂ ವಾಕಡಕ್ಕೆ ಹೋಗಿದ್ದೆವು. ಫ್ಲಾಟು ಧಾರವಾಡದ ಕಡೆಯ ಒಂದು ಕುಟುಂಬದ್ದು. ಸೋಮವಾರ ಬೆಳಗ್ಗೆ ಹಾಲು ಉಕ್ಕಿಸುವ ಮುಹೂರ್ತ. ಭಾನುವಾರದ ರೈಲಿಗೆ ನೆಂಟರಿಷ್ಟರು. ಅಜ್ಜಿ ಮುಂಚೆಯೇ ಬಂದಿದ್ದರು.

ಇಂಜಿನಿಯರರ ಚೀಲದಲ್ಲಿ ಇದ್ದ ಸಾಮಾನುಗಳಲ್ಲಿ ಅರ್ಧ ನಮ್ಮ ಮೇಸ್ತ್ರಿಗಳಿಗೂ ಗುರುತಿರುವಂಥವೇ: ಟೇಪು, ರಸಮಟ್ಟ, ಮೂಲೆಮಟ್ಟ, ತೂಗುಗುಂಡು. ಉಳಿದವು ಹೊಸವು: ಲೇಸರಿನಿಂದ ಅಳೆಯುವ ಯಂತ್ರ, ಗೋಡೆಯ ತೇವ ತೋರಿಸುವ ಯಂತ್ರ, ಶಾಖವನ್ನು ಚಿತ್ರಿಸುವ ಕ್ಯಾಮೆರಾ. ಈ ಕ್ಯಾಮೆರಾ ಗೋಡೆಯೊಳಗಿನ ನೀರನ್ನೇ ತೋರಿಸುತ್ತದೆ ಎಂದು ನಂಬಬೇಡಿ. ಒದ್ದೆಯಾದ ಜಾಗ ಆರುತ್ತಿರುವಾಗ ಸುತ್ತಲಿಗಿಂತ ತಂಪಾಗಿರುತ್ತದೆ; ಆ ತಂಪು ಬೇರೆ ಬಣ್ಣವಾಗಿ ಕಾಣುತ್ತದೆ, ಅಷ್ಟೆ. ಆಮೇಲೆ ಅಲ್ಲಿಗೆ ತೇವದ ಯಂತ್ರವನ್ನು ಒತ್ತಿ ಖಚಿತಪಡಿಸಿಕೊಳ್ಳಬೇಕು.

ಮೊದಲು ಅಳತೆ. 2016ರ ರೇರಾ ಕಾಯಿದೆಯ ಪ್ರಕಾರ 'ಕಾರ್ಪೆಟ್' ವಿಸ್ತೀರ್ಣದಲ್ಲಿ ಹೊರಗೋಡೆಯ ದಪ್ಪವೂ ಬಾಲ್ಕನಿಯೂ ಸೇರುವುದಿಲ್ಲ. ಒಳಗಿನ ಅಡ್ಡಗೋಡೆಗಳ ದಪ್ಪ ಸೇರುತ್ತದೆ. ಇದನ್ನು ತಿಳಿಯದೆ ಬರಿಯ ಕೋಣೆಗಳನ್ನು ಅಳೆದು ಕೂಡಿಸಿ "ಮೋಸವಾಯಿತು" ಎಂದು ಕೂಗುವವರೂ ಇದ್ದಾರೆ; ಬಾಲ್ಕನಿಯನ್ನೂ ಸೇರಿಸಿಕೊಂಡು "ಸರಿಯಾಗಿದೆ" ಎಂದು ಸುಮ್ಮನಾಗುವವರೂ ಇದ್ದಾರೆ. ಮಹಾರಾಷ್ಟ್ರದ ಮಾದರಿ ಕರಾರುಪತ್ರದಲ್ಲಿ ಶೇಕಡಾ 3ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಆದರೆ ಕಡಿಮೆ ಬಿದ್ದಷ್ಟಕ್ಕೆ ಹಣ ಹಿಂದಿರುಗಬೇಕು.

ಆಮೇಲೆ ಬಾಗಿಲು, ಕಿಟಕಿ, ನಲ್ಲಿ, ದೀಪ. ಪ್ರತಿಯೊಂದು ಪ್ಲಗ್ಗಿಗೂ ಮೂರು ದೀಪದ ಒಂದು ಪುಟ್ಟ ಸಾಧನ ಚುಚ್ಚಿ, ಭೂಮಿಯ ತಂತಿ ಸೇರಿದೆಯೇ ಎಂದು ನೋಡಿದರು. 30 ಮಿಲಿ ಆಂಪಿಯರ್ ವಿದ್ಯುತ್ತು ಸೋರಿದರೆ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚನ್ನು ಗುಂಡಿ ಒತ್ತಿ ಪರೀಕ್ಷಿಸಿದರು. ಗೀಸರು ಇರುವ ಮನೆಗೆ ಇದು ಪ್ರಾಣ ಕಾಯುವ ಸಾಧನ. ಪುಣೆಯ ಮುಂಗಾರು ಪಡುವಣ ಗಾಳಿಯ ಬೆನ್ನೇರಿ ಬರುವಂಥದು. ಆದ್ದರಿಂದ ಆ ದಿಕ್ಕಿನ ಕಿಟಕಿಗಳ ಮೇಲೆ ಹೊರಗಿನಿಂದ ಕೊಳವೆಯಲ್ಲಿ ನೀರು ಬಿಡಿಸಿದರು. ಬೇಸಗೆಯಲ್ಲಿ ಕೀಲಿಕೈ ಪಡೆದವರಿಗೆ ಜುಲೈ ತಿಂಗಳು ಹೇಳುವುದನ್ನು ಈ ಕೊಳವೆ ಮೊದಲೇ ಹೇಳುತ್ತದೆ.

ಬಳಿಕ ಒಂದು ಸಣ್ಣ ಸರಳಿನಿಂದ ನೆಲವನ್ನು ತಟ್ಟುತ್ತ ಹೋದರು. ಅಜ್ಜಿ ತಡೆಯಲಾರದೆ ಕೇಳಿದರು: "ಫರಸಿ ಬಡದು ಬಡದು ಏನ್ ಕೇಳ್ಲಿಕ್ಕೆ ಹತ್ತೀಯೋ ತಮ್ಮಾ?"

"ಗಡಿಗಿ ತೊಗೊಳ್ಳೋವಾಗ ನೀವು ಬಡದು ನೋಡೂದಿಲ್ಲೇನ್ರೀ ಅಜ್ಜಿ? ಹಂಗೇ ಇದೂ. ತಳದಾಗ ಸಿಮೆಂಟ್ ಕೂತಿರಲಿಲ್ಲಂದ್ರ ಟೊಳ್ಳ ಸಪ್ಪಳ ಬರ್ತದ."

ಅಜ್ಜಿಗೆ ಈ ಶಾಸ್ತ್ರ ಒಂದು ಕ್ಷಣದಲ್ಲಿ ಅರ್ಥವಾಯಿತು. ಅಡಿಗೆಮನೆಯ ಮೂಲೆಯ ಎರಡು ಟೊಳ್ಳು ಕಲ್ಲುಗಳನ್ನು ತಾವೇ ಹಿಡಿದುಕೊಟ್ಟರು!

ಕೊನೆಗೆ ಬಚ್ಚಲು. ನೀರು ಹೋಗುವ ಬಾಯನ್ನು ಮುಚ್ಚಿ, ನೆಲದ ಮೇಲೆ ನೀರು ನಿಲ್ಲಿಸಿ, 24 ಗಂಟೆ ಬಿಟ್ಟು, ಕೆಳಗಿನ ಮನೆಯವರ ಅನುಮತಿ ಪಡೆದು ಅವರ ಚಾವಣಿ ನೋಡಬೇಕು. ಭಾನುವಾರ ನೋಡಿದಾಗ ಅಲ್ಲಿ ಒಂದು ತಟ್ಟೆಯಗಲ ಒದ್ದೆ.

ಕಟ್ಟಿದವರ ಕಡೆಯ ಹುಡುಗ ಒಳ್ಳೆಯವನೇ. "ಸಹೀ ಕರಾ, ಬಾಕೀಚಂ ನಂತರ ಬಘೂ" ಎಂದು ಕಾಗದ ಮುಂದೆ ಚಾಚಿದ: ಈಗ ಸಹಿ ಹಾಕಿ, ಉಳಿದದ್ದು ಆಮೇಲೆ ನೋಡೋಣ. ಕಾಗದದಲ್ಲಿದ್ದ ವಾಕ್ಯ, "ಮನೆಯನ್ನು ನೋಡಿ, ತೃಪ್ತನಾಗಿ ವಶಕ್ಕೆ ಪಡೆದಿದ್ದೇನೆ" ಎಂಬುದು. ಮನೆಯ ಯಜಮಾನರಿಗೆ ಇಕ್ಕಟ್ಟು. ಬಾಡಿಗೆಯ ಮನೆ ಬಿಡುವುದಾಗಿ ಹೇಳಿಯಾಗಿದೆ; ಸಾಲದ ಕಂತು ಶುರುವಾಗಿದೆ; ನೆಂಟರು ರೈಲಿನಲ್ಲಿದ್ದಾರೆ; ಭಟ್ಟರಿಗೆ ಮುಂಗಡ ಹೋಗಿದೆ. ಇಪ್ಪತ್ತು ವರ್ಷ ತೀರಿಸಬೇಕಾದ ಸಾಲದ ಮನೆಯನ್ನು ಒಂದು ಬೆಳಗಿನ ಮುಹೂರ್ತಕ್ಕಾಗಿ ಹಾಗೆಯೇ ಒಪ್ಪಿಬಿಡುವ ಗಳಿಗೆ ಇದೇ. ಪೆನ್ನು ಕೈಯಲ್ಲಿ ಹಿಡಿದು ಅವರು ಅಜ್ಜಿಯ ಮುಖ ನೋಡಿದರು.

"ಮುಹೂರ್ತ ಇನ್ನೊಂದು ಬಂದೀತು. ಸೋರೂ ಬಚ್ಚಲ ಸೋರಕೋತನೇ ಇರ್ತದ. ಕೆಳಗಿನವರೂ ಪೂಜಾ ಮಾಡವ್ರೇ ಅಲ್ಲೇನು?" ಎಂದರು ಅಜ್ಜಿ.

ಪೆನ್ನು ಜೇಬಿಗೆ ಹೋಯಿತು. ಬಂದ ನೆಂಟರು ಹಳೆಯ ಮನೆಯಲ್ಲೇ ಹೋಳಿಗೆ ಉಂಡು ಹಿಂದಿರುಗಿದರು. ದೋಷಗಳ ಪಟ್ಟಿ ಚಿತ್ರಗಳ ಸಮೇತ ಬರಹದಲ್ಲಿ ಹೋಯಿತು. ಬಚ್ಚಲಿನ ನೆಲ ಕಿತ್ತು ನೀರು ಹಿಡಿಯದ ಪದರವನ್ನು ಹೊಸದಾಗಿ ಹಾಕಿದರು. ಮತ್ತೆ 24 ಗಂಟೆ ನೀರು ನಿಂತಿತು, ಕೆಳಗೆ ಒಣಗಿತ್ತು. ಒಂದು ತಿಂಗಳ ಬಾಡಿಗೆ ಹೆಚ್ಚಿಗೆ ಬಿತ್ತು, ನಿಜ. ಒಳಗೆ ಸಾಮಾನು ತುಂಬಿದ ಮೇಲೆ ಅದೇ ನೆಲ ಕೀಳಿಸುವ ಪಾಡಿಗಿಂತ ಅದು ಅಗ್ಗವೇ ಸರಿ.

ಸಹಿ ಹಾಕಿದವರು ಎಲ್ಲವನ್ನೂ ಕಳೆದುಕೊಂಡರು ಎಂದು ಎದೆಗುಂದಬೇಕಾಗಿಲ್ಲ. ಮಹಾರಾಷ್ಟ್ರದ 1963ರ ಫ್ಲಾಟು ಕಾಯಿದೆ ದೋಷ ತಿದ್ದಿಸಿಕೊಳ್ಳಲು 3 ವರ್ಷದ ಅವಧಿ ಇಟ್ಟಿತ್ತು. ರೇರಾ ಕಾಯಿದೆಯ 14ನೆಯ ಕಲಮು ಅದನ್ನು, ಮನೆ ವಶಕ್ಕೆ ಬಂದ ದಿನದಿಂದ 5 ವರ್ಷ ಮಾಡಿತು. ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದಲ್ಲಿ ಕಂಡ ದೋಷವನ್ನು ತಿಳಿಸಿದ 30 ದಿನಗಳಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಕೊಡದಿದ್ದರೆ 2017ರಲ್ಲಿ ಸ್ಥಾಪನೆಯಾದ ಮಹಾರೇರಾದ ಬಾಗಿಲು ತಟ್ಟಬಹುದು. ಆದರೆ ಒಂದು ವರ್ಷ ಕಳೆದ ಮೇಲೆ "ಇದು ನೀವೇ ಮೊಳೆ ಹೊಡೆದು ಮಾಡಿಕೊಂಡದ್ದು" ಎಂಬ ಮಾತು ಬರುತ್ತದೆ. ಮೊದಲ ದಿನದ ಚಿತ್ರಸಹಿತ ಪಟ್ಟಿ ಆಗ ಸಾಕ್ಷಿ.

ಈ ಕಸಬಿಗೂ ಎಲ್ಲೆಯುಂಟು. ಗಾರೆಯ ಮೇಲಿನ ಕೂದಲೆಳೆಯ ಬಿರುಕು ಸಾಮಾನ್ಯವಾಗಿ ಒಣಗುವಾಗ ಮೂಡಿದ್ದು; ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ತೊಲೆಯಲ್ಲೋ ಕಂಬದಲ್ಲೋ ಓರೆಯಾಗಿ ಬಿರುಕು ಕಂಡರೆ ರಚನಾ ಇಂಜಿನಿಯರರೇ ಬರಬೇಕು. ಕೋಥರೂಡ, ಸಹಕಾರನಗರದ ಹಳೆಯ ಸೊಸೈಟಿಗಳಲ್ಲಿ ಫ್ಲಾಟು ಕೊಳ್ಳುವವರು ಕಟ್ಟಡದ 'ಸ್ಟ್ರಕ್ಚರಲ್ ಆಡಿಟ್' ವರದಿಯನ್ನು ಕೇಳಿ ಪಡೆಯಿರಿ. ಮಾದರಿ ಉಪನಿಯಮಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ 3 ವರ್ಷಕ್ಕೊಮ್ಮೆ ಇದು ನಡೆಯಬೇಕು.

ತಪಾಸಣೆಯವರನ್ನು ಆರಿಸುವಾಗಲೂ ಒಂದಿಷ್ಟು ತಪಾಸಣೆ ಬೇಕು. ಅವರ ಓದು ಏನು? ಹಿಂದೆ ಬರೆದ ವರದಿಯ ಮಾದರಿ ತೋರಿಸುವರೇ? ಎರಡನೆಯ ಸಲ ಬಂದು ನೋಡುವರೇ? ಮುಖ್ಯವಾಗಿ, ಸೋರಿಕೆ ಕಂಡುಹಿಡಿದು, ಅದಕ್ಕೆ ಮದ್ದನ್ನೂ ತಾವೇ ಮಾರುವವರೋ? ಅಂಥವರ ಬಗ್ಗೆ ಎಚ್ಚರ. ನೋಡುವ ಕಣ್ಣಿಗೆ ನಿಮ್ಮಿಂದಲ್ಲದೆ ಬೇರೆ ಕಡೆಯಿಂದ ಸಂಬಳ ಇರಬಾರದು.

ಮುಂದಿನ ಯುಗಾದಿಯೊಳಗೆ ನಮ್ಮ ಬಳಗದ ಎಷ್ಟೋ ಮನೆಗಳಲ್ಲಿ ಗೃಹಪ್ರವೇಶವಾಗಲಿದೆ. ಆಮಂತ್ರಣವನ್ನು ನಾವೂ ಎದುರು ನೋಡುತ್ತಿದ್ದೇವೆ. ನಮ್ಮದು ಒಂದೇ ಅರಿಕೆ: ಮೊದಲು ನೀರು ನಿಲ್ಲಿಸಿ ನೋಡಿ, ಪಟ್ಟಿ ಬರೆಯಿಸಿ, ತಿದ್ದಿಸಿ, ಪಂಚಾಂಗವನ್ನು ಆಮೇಲೆ ತೆರೆಯಿರಿ. ಒಳ್ಳೆಯ ದಿನಗಳಿಗೆ ಪಂಚಾಂಗದಲ್ಲಿ ಬರವಿಲ್ಲ.