ಅಂಬೇಡ್ಕರ್ ಹಟಮಾರಿಯೇ?

ಎದುರು ವಾದಕ್ಕೆ ಕಿವಿಗೊಡದೆ ಪಟ್ಟು ಹಿಡಿದವರೇ ರಾಜಕೀಯದಲ್ಲಿ ಏನಾದರೂ ಸಾಧಿಸಿದ್ದು ಎನ್ನುವ ಕಳೆದ ವಾರದ ಲೇಖನ ಅಂಬೇಡ್ಕರರನ್ನು ಸಾಕ್ಷಿಗೆ ಕರೆದಿದೆ. ತಪ್ಪು ಸಾಕ್ಷಿ! 1936ರಲ್ಲಿ ಲಾಹೋರಿನ ಜಾತಿವಿರೋಧಿ ಸಂಘಟನೆ ಜಾತ್-ಪಾತ್ ತೋಡಕ್ ಮಂಡಲ, ತನ್ನ ಸಮ್ಮೇಳನಕ್ಕೆ ಅವರು ಬರೆದಿದ್ದ ಭಾಷಣವನ್ನು ತಿದ್ದಲು ಕೇಳಿದಾಗ ಅವರು ಒಂದು ಅಲ್ಪವಿರಾಮವನ್ನೂ ಬಿಟ್ಟುಕೊಡಲಿಲ್ಲ, ನಿಜ. ಸಮ್ಮೇಳನವೇ ರದ್ದಾಯಿತು, ಭಾಷಣವನ್ನು ಅವರೇ ಪುಸ್ತಕವಾಗಿ ಹೊರತಂದರು. ಲೇಖಕರು ಓದು ನಿಲ್ಲಿಸಿದ್ದು ಬಹುಶಃ ಇಲ್ಲಿಗೇ. ಮರುವರ್ಷದ ಎರಡನೇ ಆವೃತ್ತಿ ತೆರೆದು ನೋಡಲಿ: ಗಾಂಧಿ ‘ಹರಿಜನ’ ಪತ್ರಿಕೆಯಲ್ಲಿ ಎತ್ತಿದ ಆಕ್ಷೇಪಗಳೂ ಅದರಲ್ಲಿವೆ, ಜೊತೆಗೆ ಅಂಬೇಡ್ಕರರ ಖಾರವಾದ ಉತ್ತರವೂ. ಎದುರಾಳಿಯ ಟೀಕೆಯನ್ನು ತನ್ನ ಪುಸ್ತಕದಲ್ಲೇ ಅಚ್ಚು ಹಾಕಿಸುವ ಹಟಮಾರಿಯನ್ನು ನಾನಂತೂ ಕಂಡಿಲ್ಲ. ಇನ್ನು ಪುಣೆ ಒಪ್ಪಂದವನ್ನು ಲೇಖನ ಮುಟ್ಟಿಯೇ ಇಲ್ಲ. 1932ರಲ್ಲಿ, ಗಾಂಧಿಯ ಉಪವಾಸದ ಒತ್ತಡಕ್ಕೆ ಮಣಿದು, ಅಂಬೇಡ್ಕರ್ ದಲಿತರ ಪ್ರತ್ಯೇಕ ಮತಕ್ಷೇತ್ರವನ್ನು ಕೈಬಿಟ್ಟರು. ಆದರೆ ಪ್ರಾಂತೀಯ ಶಾಸನಸಭೆಗಳ ಮೀಸಲು ಸ್ಥಾನಗಳನ್ನು 71ರಿಂದ 148ಕ್ಕೆ ಏರಿಸಿಕೊಂಡೇ ಸಹಿ ಹಾಕಿದರು.