ಗುಡ್ಡ ಬೆಳಗುವ ಟಾರ್ಚ್ ಹೊಲಕ್ಕೆ ಬೇಡ
ಸಂತೆಯಲ್ಲಿ ಗುಂಡಿ ಒತ್ತಿದರೆ ಊರಾಚೆಯ ಗುಡ್ಡ ಬೆಳಗುವ ಟಾರ್ಚ್‌ಗಳು ಬಂದಿವೆ. ನೋಡಿದವರು ಅಲ್ಲೇ ಮರುಳಾಗುತ್ತಾರೆ. ಆದರೆ ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕಲು ಹೋಗುವ ರೈತನಿಗೆ ಗುಡ್ಡದಲ್ಲಿ ಏನು ಕೆಲಸ? ಕೊಳಕುಮಂಡಲ ಮಲಗಿರುವುದು ಬದುವಿನ ಮೇಲೆ, ನಾವು ಹೆಜ್ಜೆ ಇಡುವ ಜಾಗದಲ್ಲಿ.

ಜೂಮ್ ಟಾರ್ಚ್ ಬೆಳಕನ್ನೆಲ್ಲ ಒಂದೇ ಕಡೆ ಕೂಡಿಹಾಕುತ್ತದೆ. ದೂರ ಕಾಣುತ್ತದೆ, ಪಕ್ಕದಲ್ಲಿ ಕತ್ತಲು. ಬೆಳಕು ಅಗಲವಾಗಿ ಹರಡುವ ಟಾರ್ಚ್ ಕಾಲುದಾರಿಯ ಎರಡೂ ಬದಿ ತೋರಿಸುತ್ತದೆ. ಹೊಲಕ್ಕೆ ಇದೇ ಸರಿ.

ಡಬ್ಬಿ ಮೇಲೆ '500 ಮೀಟರ್' ಎಂದಿದ್ದರೆ ಹಿಗ್ಗಬೇಡಿ. ಟಾರ್ಚ್‌ಗಳಿಗೆ ಬಳಸುವ ಅಮೆರಿಕದ ಮಾನದಂಡದ ಪ್ರಕಾರ ಆ ದೂರದಲ್ಲಿ ಬೀಳುವುದು 0.25 ಲಕ್ಸ್, ಅಂದರೆ ಬೆಳದಿಂಗಳಷ್ಟು ಬೆಳಕು. 18650 ಸೆಲ್ ಮೇಲೆ 9900 ಎಂಎಎಚ್ ಎಂದು ಬರೆದಿದ್ದರೆ ಅದು ಸುಳ್ಳು. ಒಳ್ಳೆಯ ಸೆಲ್‌ಗಳೇ 3500ರ ಆಸುಪಾಸಿನಲ್ಲಿರುತ್ತವೆ. ಸಾವಿರಾರು ಲುಮೆನ್‌ನ ಪುಟ್ಟ ಟಾರ್ಚ್ ಬಿಸಿಯೇರಿ, ಕೆಲವೇ ನಿಮಿಷಗಳಲ್ಲಿ ಬೆಳಕು ಇಳಿಸುತ್ತದೆ. ನಮಗೆ 200–300 ಲುಮೆನ್ ಸಾಕು, ಆದರೆ ಅದು ನೀರು ಕಟ್ಟಿ ಮುಗಿಯುವವರೆಗೂ ನಿಲ್ಲಬೇಕು. ಕಾಲುವೆಗೆ ಬೀಳುವ ಭಯವಿದ್ದರೆ ಐಪಿಎಕ್ಸ್7 ನೋಡಿ: 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಐಪಿಎಕ್ಸ್4 ತಡೆಯುವುದು ಬರೀ ಎರಚಲು.

ಎಂಥ ಟಾರ್ಚ್ ಇದ್ದರೂ ಗಂಬೂಟು ಬಿಡಬೇಡಿ. ಮುಖ್ಯವಾಗಿ, ಟಾರ್ಚ್ ಕೊಂಡ ಮಾತ್ರಕ್ಕೆ ರಾತ್ರಿ ಪಾಳಿ ನಮ್ಮ ಹಣೆಬರಹ ಎಂದು ಸುಮ್ಮನಾಗಬಾರದು. ಕುಸುಮ್ ಯೋಜನೆಯಲ್ಲಿ ಫೀಡರ್‌ಗಳಿಗೆ ಸೋಲಾರ್ ಜೋಡಿಸುವುದೇ ಪಂಪ್‌ಸೆಟ್‌ಗೆ ಹಗಲು ಕರೆಂಟ್ ಕೊಡಲು. ನಮ್ಮ ಫೀಡರ್‌ಗೆ ಯಾವಾಗ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಸೂರ್ಯನಿಗಿಂತ ಒಳ್ಳೆಯ ಟಾರ್ಚ್ ಯಾವ ಸಂತೆಯಲ್ಲೂ ಸಿಗುವುದಿಲ್ಲ.