ಕಿರೀಟದ ಹಿಂದಿನ ಪೆನ್ಸಿಲ್

ಮೈಸೂರು ನಜರ್‌ಬಾದಿನ ಓದುಗ ಮಿತ್ರರೊಬ್ಬರ ಕಾಗದ ಬಂದಿದೆ. ಟಾಕೀಸಿನಲ್ಲಿ ಎಲ್ಲರ ಕಣ್ಣು ನಾಯಕಿಯ ಮುಖದ ಮೇಲಿದ್ದರೆ ಇವರ ಕಣ್ಣು ಅವಳ ಜುಮುಕಿಯ ಮೇಲೆ! ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದಿಡ್ತಾರಂತೆ. ಆಭರಣ ವಿನ್ಯಾಸ ಕಲೀತೀನಿ ಅಂದರೆ ಅಪ್ಪ, "ಗಂಡಸಾಗಿ ಓಲೆ ಜುಮುಕಿ ಬರೀತಾ ಕೂರ್ತೀಯೇನೋ?" ಅಂತ ರೇಗ್ತಾರಂತೆ. "ಇದರಲ್ಲಿ ಅನ್ನ ಇದೆಯಾ ಸಾರ್?" ಅನ್ನೋದು ಪ್ರಶ್ನೆ.

ಇದೆ ಸ್ವಾಮಿ. ಆದರೆ ಎಲೆ ಹಾಕಿದ ತಕ್ಷಣ ಬಡಿಸೋ ಅನ್ನ ಅಲ್ಲ!

ಮೊದಲು ಅಪ್ಪನವರಿಗೆ ಉತ್ತರ. ತಲೆತಲಾಂತರದಿಂದ ಕುಲುಮೆ ಮುಂದೆ ಕೂತ ನಮ್ಮ ಅಕ್ಕಸಾಲಿಗರು ಗಂಡಸರಲ್ಲವೇ? 1977ರ 'ಬಬ್ರುವಾಹನ'ದಲ್ಲಿ ಅಣ್ಣಾವ್ರು ಅಪ್ಪನಾಗಿಯೂ ಮಗನಾಗಿಯೂ ಎದುರುಬದುರು ನಿಂತಾಗ, ಆ ಕಿರೀಟ, ಭುಜಕೀರ್ತಿ ನೋಡಿ ಸಿಳ್ಳೆ ಹೊಡೆದವರೂ ಗಂಡಸರೇ. ಅದನ್ನೂ ಯಾರೋ ಒಬ್ಬ ಮೊದಲು ಕಾಗದದ ಮೇಲೆ ಗೆರೆ ಎಳೆದೇ ಇರಬೇಕು.

ಇನ್ನು ಮಗರಾಯನಿಗೆ. ಪರದೆಯ ಒಡವೆ ಬೇರೆ, ಕೊರಳಿನ ಒಡವೆ ಬೇರೆ. ಪರದೆಯ ಕಿರೀಟ ಹಗುರವಾಗಿದ್ದು, ಲೈಟು ಬಿದ್ದಾಗ ಮಿಂಚಿದರೆ ಸಾಕು. ಕೊರಳಿನ ಸರ ಸೀರೆಗೆ ಸಿಕ್ಕಿಕೊಳ್ಳಬಾರದು, ಹರಳು ಉದುರಬಾರದು, ಓಲೆಯ ಭಾರಕ್ಕೆ ಕಿವಿ ಜೋತುಬೀಳಬಾರದು. ಎಲ್ಲಕ್ಕಿಂತ ಮೇಲೆ ತೂಕ! ಈಗ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ಮೇಣದ ಮಾದರಿ ತೆಗೆದು, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ, ಆ ಜಾಗಕ್ಕೆ ಚಿನ್ನ ಹುಯ್ಯೋದುಂಟು. 1 ಗ್ರಾಂ ಮೇಣವಿದ್ದ ಜಾಗಕ್ಕೆ 22 ಕ್ಯಾರೆಟ್ ಚಿನ್ನ ಸುಮಾರು 18 ಗ್ರಾಂ ಹಿಡಿಯುತ್ತೆ. ನಿಮ್ಮ ಗೆರೆ ಕೊಂಚ ದಪ್ಪವಾಯ್ತೋ, ಕೊಳ್ಳೋನ ಜೇಬಿಗೆ ಕತ್ತರಿ ಬಿತ್ತು ಅನ್ನಿ!

ಎರಡೂ ಒಡವೆ ಒಂದಾದದ್ದೂ ಇದೆ. 2008ರ 'ಜೋಧಾ ಅಕ್ಬರ್' ಚಿತ್ರದ ಒಡವೆ ಮಾಡಿದ್ದು ತನಿಷ್ಕ್. ಅದರ ಒಡೆಯ ಟೈಟನ್ ಕಂಪನಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ, ಒಡವೆ ಕಾರ್ಖಾನೆ ಪಕ್ಕದ ಹೊಸೂರಿನಲ್ಲಿ. ಬೊಂಬಾಯಿ ರೈಲು ಹತ್ತಲೇಬೇಕು ಅಂತೇನಿಲ್ಲ.

ಕಲಿಯೋದೆಲ್ಲಿ? ಬೆಂಗಳೂರಿನ 'ನಿಫ್ಟ್'ನಲ್ಲಿ 4 ವರ್ಷದ ಆಕ್ಸೆಸರಿ ಡಿಸೈನ್ ಪದವಿಯೊಳಗೆ ಆಭರಣವೂ ಸೇರಿದೆ. ಪ್ರವೇಶ ಪರೀಕ್ಷೆಯಲ್ಲಿ ನಿಮ್ಮ ಚಿತ್ರ, ಕಲ್ಪನೆ ಎರಡನ್ನೂ ನೋಡ್ತಾರೆ. ಒಡವೆ ರಫ್ತು ಉತ್ತೇಜನ ಮಂಡಳಿ ಕಟ್ಟಿದ ಶಾಲೆಗಳು ಮುಂಬಯಿ, ಜೈಪುರದಲ್ಲಿವೆ, ನಮ್ಮ ಉಡುಪಿಯಲ್ಲೂ ಇದೆ. ಊರು ಬಿಡೋಕಾಗದವರಿಗೆ ಸಿದ್ಧಾರ್ಥನಗರದ 'ಕಾವಾ' ಇದೆ. ಅಲ್ಲಿ ಚಿತ್ರಕಲೆ, ಶಿಲ್ಪಕಲೆ ಕಲಿತರೆ ಕೈ ಪಳಗುತ್ತೆ.

ಊರಲ್ಲೇ ಇನ್ನೊಂದು ಪಾಠಶಾಲೆಯೂ ಉಂಟು. ಜಗನ್ಮೋಹನ ಅರಮನೆಗೆ ಹೋಗಿ ರವಿವರ್ಮನ ಹೆಂಗಸರ ಕಿವಿ, ಮೂಗು, ಕೊರಳು ನೋಡಿ. ಸುಮಾರು 35 ಕಿ.ಮೀ. ದೂರದ ಸೋಮನಾಥಪುರಕ್ಕೆ ಹೋಗಿ ವಿಗ್ರಹಗಳ ಡಾಬು, ತೋಳಬಂದಿ ಬರೆದುಕೊಳ್ಳಿ.

ಒಂದು ಎಚ್ಚರಿಕೆ. ಅಪ್ಪ ಸಾಲ ಮಾಡಿ ಫೀಸು ಕಟ್ಟೋದಕ್ಕೆ ಮುಂಚೆ ಆ ಶಾಲೆಯಲ್ಲಿ ಒಂದು ಮಾತು ಕೇಳಿ: "ಬಿಳಿಗಾರ ಹಚ್ಚಿ ಬೆಸುಗೆ ಹಾಕೋದು ಕಲಿಸ್ತೀರಾ?" ಬರೀ ಚಿತ್ರ, ಬರೀ ಕಂಪ್ಯೂಟರ್ ಅಂದರೆ ಎರಡು ಸಲ ಯೋಚಿಸಿ. ಬೆಸುಗೆ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿಲ್ಲದವನ ಚಿತ್ರವನ್ನು ಅಕ್ಕಸಾಲಿಗ ನಕ್ಕು ಪಕ್ಕಕ್ಕಿಡ್ತಾನೆ. ರಜೆಯಲ್ಲಿ ಅಶೋಕ ರಸ್ತೆಯ ಕಡೆ ಯಾರಾದರೂ ಹಿರಿಯ ಅಕ್ಕಸಾಲಿಗರ ಪಕ್ಕ ಕೂತು ಚಿಮಟ ಹಿಡಿಯೋದು ಕಲೀರಿ. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದರೆ ಆ ವಿದ್ಯೆ ನಿಮ್ಮ ಕೈಗಾದರೂ ಬರಲಿ.

ಕೊನೆಗೊಂದು ಮಾತು. ಸೋಮನಾಥಪುರದ ಕಲ್ಲಿನಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೊರೆದಿದ್ದಾನೆ. ಒಡವೆಯ ಗೆರೆ ಎಳೆದವನಿಗೆ ಆ ಭಾಗ್ಯ ಅಪರೂಪ. ಡಬ್ಬಿ ಮೇಲಿರೋದು ಅಂಗಡಿ ಹೆಸರು. ಹೆಸರಿನ ಆಸೆಯಿದ್ದರೆ ಈ ದಾರಿ ಬೇಡ. ಯಾವುದೋ ಮದುವೆ ಮನೆಯಲ್ಲಿ, ಯಾರದೋ ಕೊರಳಲ್ಲಿ ನಿಮ್ಮ ಗೆರೆ ಕಂಡು ಒಳಗೊಳಗೇ ಹಿಗ್ಗೋ ಮನಸ್ಸಿದ್ದರೆ, ಆ ನೋಟ್‌ಬುಕ್ ಜೋಪಾನ. ಒಂದು ಭಾನುವಾರ ಅಪ್ಪನವರಿಗೂ ತೋರಿಸಿ!